ಹಳೆಯ ಕಾರನ್ನೇ ಓಡಿಸುವುದರ ಲಾಭಗಳು

ಅಮೆರಿಕದ ರಸ್ತೆಗಳಲ್ಲಿ ಓಡುತ್ತಿರುವ ಕಾರುಗಳ ಸರಾಸರಿ ವಯಸ್ಸು ಇಂದು ಹನ್ನೆರಡು ವರ್ಷಗಳನ್ನು ಮೀರಿದೆ. ಹೀಗಿದ್ದರೂ, ನೌಕರಿ ದೊರೆತು ಸಾಲ ಪಡೆಯುವ ಅರ್ಹತೆ ಬಂದೊಡನೆ ಹೊಸ ಕಾರನ್ನು ಮನೆಯ ಮುಂದೆ ನಿಲ್ಲಿಸಿ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸುವುದು ಇಲ್ಲಿನ ಕನ್ನಡಿಗರಲ್ಲಿ ಸಂಪ್ರದಾಯವೇ ಆಗಿಬಿಟ್ಟಿದೆ. ಪೂಜೆಗೆ ಆಕ್ಷೇಪವಿಲ್ಲ, ಸಾಲದ ವಿಷಯ ಮಾತ್ರ ವಿಚಾರ ಮಾಡತಕ್ಕದ್ದು. ಈ ಲೇಖನದಲ್ಲಿ ಹಳೆಯ ಕಾರು ಎಂದರೆ ಸಂಗ್ರಾಹಕರು ಬಟ್ಟೆ ಹೊದಿಸಿಡುವ ವಿಂಟೇಜ್ ವಾಹನವಲ್ಲ. ಹತ್ತು ಹನ್ನೆರಡು ವರ್ಷ ಓಡಿ ಇನ್ನೂ ಗಟ್ಟಿಮುಟ್ಟಾಗಿರುವ ಕೊರೊಲಾ, ಕ್ಯಾಮ್ರಿ, ಸಿವಿಕ್‌ನಂಥವು.

ಕಾರಿನ ಬೆಲೆ ಅತಿ ವೇಗವಾಗಿ ಇಳಿಯುವುದು ಮೊದಲ ಕೆಲವು ವರ್ಷಗಳಲ್ಲಿ. ಒಂದು ಲೆಕ್ಕ ಹಾಕಿ ನೋಡೋಣ. 35,000 ಡಾಲರ್ ಬೆಲೆಯ ಕಾರನ್ನು ಮುಂಗಡವಿಲ್ಲದೆ, ಶೇ. 7ರ ಬಡ್ಡಿಗೆ, ಐದು ವರ್ಷಗಳ ಸಾಲದಲ್ಲಿ ಕೊಂಡರೆ ತಿಂಗಳ ಕಂತು ಸುಮಾರು 693 ಡಾಲರ್. ಸಾಲ ತೀರುವಷ್ಟರಲ್ಲಿ ಬಡ್ಡಿಯೇ 6,500 ಡಾಲರ್ ಮೀರಿರುತ್ತದೆ. ಒಂದು ವರ್ಷ ತಪ್ಪದೆ ಕಂತು ಕಟ್ಟಿದ ಮೇಲೂ ಸುಮಾರು 28,900 ಡಾಲರ್ ಬಾಕಿ ಉಳಿಯುತ್ತದೆ. ಅಷ್ಟರಲ್ಲಿ ಕಾರಿನ ಬೆಲೆ ಐದರಲ್ಲೊಂದು ಭಾಗ ಇಳಿದಿದ್ದರೆ, ಮಾರಿದರೂ ಸಾಲ ತೀರದು. ಎಚ್-1ಬಿ ವೀಸಾದ ಮೇಲಿರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ನೌಕರಿ ಹೋದರೆ ಅವರಿಗೆ ಸಿಗುವ ಕಾಲಾವಕಾಶ ಹೆಚ್ಚೆಂದರೆ 60 ದಿನ. ಊರಿಗೆ ಹೊರಡುವ ಗಡಿಬಿಡಿಯಲ್ಲಿ, ಸಂಬಳವೂ ನಿಂತಿರುವಾಗ, ಕಾರನ್ನು ಕಳಚಿಕೊಳ್ಳುವುದಕ್ಕೆ ಕೈಯಿಂದಲೇ ಹಣ ತೆರಬೇಕಾಗುತ್ತದೆ. ಉಳಿತಾಯದ ಹಣದಿಂದ ಕೊಂಡ ಹಳೆಯ ಕಾರಾದರೋ, ಮಾರಿದಾಗ ಬಂದದ್ದೆಲ್ಲ ಕೊಂಡವನದೇ.

ವಿಮೆಯಲ್ಲಿಯೂ ವ್ಯತ್ಯಾಸವುಂಟು. ಸಾಲ ಕೊಟ್ಟ ಬ್ಯಾಂಕು ಸಾಮಾನ್ಯವಾಗಿ ಕೊಲಿಷನ್, ಕಾಂಪ್ರಹೆನ್ಸಿವ್ ಎರಡೂ ಬಗೆಯ ವಿಮೆ ಇರಲೇಬೇಕೆಂದು ಷರತ್ತು ಹಾಕುತ್ತದೆ. ಸಾಲವಿಲ್ಲದ, ಬೆಲೆ ಇಳಿದ ಕಾರಿಗೆ ಅವು ಬೇಕೋ ಬೇಡವೋ ಎಂಬುದು ಮಾಲೀಕನ ಇಚ್ಛೆ. ಇತರರಿಗಾಗುವ ಹಾನಿಯನ್ನು ತುಂಬಿಕೊಡುವ ವಿಮೆಯನ್ನು ಮಾತ್ರ ಎಂದಿಗೂ ಕಡಿಮೆ ಮಾಡಬಾರದು. ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ವರ್ಷದ ನೋಂದಣಿ ಶುಲ್ಕದ ಒಂದು ಭಾಗವೂ ಕಾರಿನ ಮೌಲ್ಯವನ್ನು ಅನುಸರಿಸಿ ಇಳಿಯುತ್ತದೆ.

ಹಳೆಯ ಕಾರು ಆಗಾಗ ದುರಸ್ತಿಗೆ ಬರುವುದು ನಿಜ. ಆದರೆ ಆ ದುರಸ್ತಿಯ ಸ್ವರೂಪವೇ ಬೇರೆ. 1996ರ ಮಾದರಿಯಿಂದೀಚೆಗೆ ಅಮೆರಿಕದಲ್ಲಿ ಮಾರಾಟವಾದ ಪ್ರತಿಯೊಂದು ಪೆಟ್ರೋಲ್ ಕಾರಿನಲ್ಲೂ ಓಬಿಡಿ-2 ಎಂಬ ಏಕರೂಪದ ಕಿಂಡಿಯಿದೆ. ಅಗ್ಗದ ಒಂದು ಉಪಕರಣವನ್ನು ಅದಕ್ಕೆ ಸಿಕ್ಕಿಸಿದರೆ ಎಂಜಿನ್ನಿನ ದೋಷ ಎಲ್ಲಿರಬಹುದೆಂಬ ಸುಳಿವು ದೊರೆಯುತ್ತದೆ. ಬ್ಯಾಟರಿ, ಬ್ರೇಕ್ ಪ್ಯಾಡ್, ಆಲ್ಟರ್ನೇಟರ್‌ಗಳನ್ನು ಬಡಾವಣೆಯ ಮೆಕ್ಯಾನಿಕ್ಕೇ ಬದಲಿಸಿಕೊಡುತ್ತಾನೆ. ಹೊಸ ಕಾರಿನ ಮುಂಗಾಜು ಒಡೆದರೆ ಗಾಜು ಕೂರಿಸಿದರಷ್ಟೇ ಸಾಲದು. ಅದರ ಹಿಂದಿರುವ ಕ್ಯಾಮೆರಾವನ್ನು ಮರಳಿ ಹೊಂದಿಸಬೇಕು. ಬಂಪರಿನೊಳಗೆ ರಾಡಾರ್ ಇದ್ದರೆ ಸಣ್ಣ ಗುದ್ದಿಗೂ ಅದೇ ಗತಿ. ಇನ್ನು ಎ.ಸಿ.ಯ ಗಾಳಿಯನ್ನು ಕಡಿಮೆ ಮಾಡಲು ರಸ್ತೆಯಿಂದ ಕಣ್ಣು ತೆಗೆದು ಪರದೆಯನ್ನು ತಡವುವ ವ್ಯವಸ್ಥೆಯನ್ನು ಪ್ರಗತಿ ಎಂದು ಏಕೆ ಕರೆಯುತ್ತಾರೋ ತಿಳಿಯದು.

ಇವೆಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುವುದು ಒಡೆತನದ ಪ್ರಶ್ನೆ. ಹೊಸ ಕಾರುಗಳು ತಯಾರಕರೊಂದಿಗೆ ಸದಾ ಸಂಪರ್ಕದಲ್ಲಿರುತ್ತವೆ. ಮೊಜಿಲ್ಲಾ ಪ್ರತಿಷ್ಠಾನವು 2023ರಲ್ಲಿ 25 ಕಾರು ಬ್ರಾಂಡುಗಳ ಗೌಪ್ಯತಾ ನೀತಿಗಳನ್ನು ಪರಿಶೀಲಿಸಿತು. ಅದರ ಪರೀಕ್ಷೆಯಲ್ಲಿ ಒಂದೂ ತೇರ್ಗಡೆಯಾಗಲಿಲ್ಲ. ವಾಹನವು ದೂರಸಂಪರ್ಕದಿಂದ ಕಳುಹಿಸುವ ದುರಸ್ತಿ ಮಾಹಿತಿ ಹೊರಗಿನ ಗ್ಯಾರೇಜುಗಳಿಗೂ ಸಿಗಬೇಕೆಂದು ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2020ರಲ್ಲಿ ತೀರ್ಪು ಕೊಡಬೇಕಾಗಿ ಬಂದದ್ದೂ ಈ ಕಾರಣಕ್ಕೇ. 2022ರಲ್ಲಿ ಇಲ್ಲಿನ 3ಜಿ ಜಾಲಗಳು ಮುಚ್ಚಿದಾಗ, ಅವನ್ನು ನಂಬಿದ್ದ ಅನೇಕ ಕಾರುಗಳ ಸಂಪರ್ಕ ಸೌಲಭ್ಯಗಳು, ಕಾರು ಚೆನ್ನಾಗಿಯೇ ಓಡುತ್ತಿದ್ದರೂ, ಸ್ತಬ್ಧವಾದವು. ಮೋಡೆಮ್ ಇಲ್ಲದ ಕಾರಿಗೆ ಈ ಯಾವ ತೊಡಕೂ ಇಲ್ಲ.

ಸುರಕ್ಷತೆಯಲ್ಲಿ ಮಾತ್ರ ಹೊಸ ಕಾರುಗಳದೇ ಮೇಲುಗೈ. ಇದನ್ನು ಮರೆಮಾಚಿ ಪ್ರಯೋಜನವಿಲ್ಲ. ಕಾರು ಜಾರಿ ಹತೋಟಿ ತಪ್ಪದಂತೆ ಚಕ್ರಗಳ ಬ್ರೇಕುಗಳನ್ನು ತಾನಾಗಿ ಹಿಡಿಯುವ ಇಎಸ್‌ಸಿ ವ್ಯವಸ್ಥೆ ಅಮೆರಿಕದಲ್ಲಿ ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 2012ರ ಮಾದರಿಯಿಂದ. ಅದಕ್ಕಿಂತ ಹಳೆಯದನ್ನು ಕೊಳ್ಳುವುದಾದರೆ ಅದು ಇದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಹಿಂಬದಿಯ ಕ್ಯಾಮೆರಾ ಕಡ್ಡಾಯವಾದದ್ದು 2018ರ ಮೇ ತಿಂಗಳಿಂದ. ಅಂಗಳದಲ್ಲಿ ಚಿಕ್ಕ ಮಕ್ಕಳು ಆಡುವ ಮನೆಯವರು ಹಳೆಯ ಕಾರಿಗೆ ಪ್ರತ್ಯೇಕವಾಗಿ ಒಂದನ್ನು ಹಾಕಿಸುವುದು ಒಳಿತು. ಟಕಾಟಾ ಕಂಪನಿಯ ಏರ್‌ಬ್ಯಾಗುಗಳ ವಿಷಯ ಇನ್ನೂ ಗಂಭೀರ. ಸೆಕೆ ಮತ್ತು ತೇವಕ್ಕೆ ವರ್ಷಗಟ್ಟಲೆ ಒಡ್ಡಿಕೊಂಡ ಅವು ಸಿಡಿದು ಲೋಹದ ಚೂರುಗಳನ್ನು ಎರಚಬಲ್ಲವು. ಅಂಥ ಸುಮಾರು 6.7 ಕೋಟಿ ಏರ್‌ಬ್ಯಾಗುಗಳನ್ನು ಅಮೆರಿಕದಲ್ಲಿ ಹಿಂದಕ್ಕೆ ಕರೆಯಲಾಯಿತು. ಹಳೆಯ ಕಾರನ್ನು ಕೊಳ್ಳುವ ಮುನ್ನ ಅದರ 17 ಅಕ್ಷರಾಂಕಗಳ ವಿಐಎನ್ ಸಂಖ್ಯೆಯನ್ನು ಕೇಂದ್ರ ಹೆದ್ದಾರಿ ಸುರಕ್ಷತಾ ಇಲಾಖೆಯ ಜಾಲತಾಣದಲ್ಲಿ ಹಾಕಿ ನೋಡಿದರೆ, ಇನ್ನೂ ಬಾಕಿಯಿರುವ ಇಂಥ ದುರಸ್ತಿಗಳು ತಿಳಿಯುತ್ತವೆ. ಟಕಾಟಾ ಏರ್‌ಬ್ಯಾಗನ್ನು ಆಯಾ ಬ್ರಾಂಡಿನ ಡೀಲರುಗಳು ಉಚಿತವಾಗಿ ಬದಲಿಸಿಕೊಡಬೇಕು. ಹಿಮ ಬೀಳುವ ರಾಜ್ಯಗಳಲ್ಲಿ ರಸ್ತೆಗೆ ಎರಚುವ ಉಪ್ಪಿನಿಂದ ಕಾರಿನ ತಳ ತುಕ್ಕು ಹಿಡಿಯುತ್ತದೆ. ಆದ್ದರಿಂದ ಅಲ್ಲಿ ಕೊಳ್ಳುವವರು ಕಾರನ್ನು ಲಿಫ್ಟಿನ ಮೇಲೇರಿಸಿ ಅಡಿಯನ್ನು ಪರೀಕ್ಷಿಸಬೇಕು. ಚೌಕಟ್ಟಿಗೇ ತುಕ್ಕು ಇಳಿದಿದ್ದರೆ, ಎಂಜಿನ್ ಎಷ್ಟೇ ಚೆನ್ನಾಗಿರಲಿ, ಅದನ್ನು ಕೊಳ್ಳಬಾರದು.