ನಮ್ಮ ಅಡುಗೆಮನೆಯ ಹೆಂಗಸರೂ ಮೇಲೆ ಬರಲಿ



ನಾವು ಎಸ್ಸೆಸ್ಸೆಲ್ಸಿ ಮುಗಿಸಿ 1986ರಲ್ಲಿ ಕುಂದಾಪುರದ ಕಡೆಯಿಂದ ವಿಶಾಖಪಟ್ಟಣಕ್ಕೆ ಬಂದವರು. ಮೊದಲು ಕ್ಲೀನರ್, ಆಮೇಲೆ ಸಪ್ಲೈಯರ್, ಆಮೇಲೆ ದೋಸೆ ಕಲ್ಲು, ಆಮೇಲೆ ಗಲ್ಲಾ. 1998ರಲ್ಲಿ ಸ್ವಂತ ಹೋಟೆಲು ಇಟ್ಟೆವು. ವಿಜಯವಾಡದ ಹೋಟೆಲನ್ನು ನಮ್ಮ ತಮ್ಮ ನೋಡಿಕೊಳ್ಳುತ್ತಾನೆ. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ನಮ್ಮಲ್ಲಿ ಮುಕ್ಕಾಲು ಪಾಲು ಮಾಲಕರ ಕಥೆ ಇದೇ.

ನಾವು ಮೇಲೆ ಬಂದದ್ದು ಹೇಗೆ ಎಂದು ಸ್ವಲ್ಪ ಯೋಚಿಸಿ. ದುಡ್ಡು ಉಳಿಸಲು ಪಿಗ್ಮಿ ಇತ್ತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ದಿನಕ್ಕೆ 2 ಆಣೆಯಂತೆ ಶುರು ಮಾಡಿದ ಉಳಿತಾಯ ಅದು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಪಿಗ್ಮಿ ಎಂಬ ಮಾತು ನಮ್ಮವರ ಬಾಯಲ್ಲಿ ಹಾಗೆಯೇ ಉಳಿದಿದೆ. ಎರಡನೆಯದಾಗಿ, ಮುಂದಿನ ಕೆಲಸ ಕಲಿಸುವ ಭಟ್ಟರು ಇದ್ದರು. ಮೂರನೆಯದಾಗಿ, ಸಾಲ ಬೇಕಾದಾಗ ಮಾಲಕರು ಬ್ಯಾಂಕಿನಲ್ಲಿ ಒಂದು ಮಾತು ಹೇಳಿದರು. ನಾಲ್ಕನೆಯದಾಗಿ, ಹೋಟೆಲು ಇಡುವಾಗ ಹಳೆಯ ಪಾತ್ರೆ ಪಗಡಿ ಕೊಟ್ಟು ಕೈ ಹಿಡಿದರು.

ಈಗ ನಮ್ಮದೇ ಅಡುಗೆಮನೆಯ ಹಿಂಭಾಗಕ್ಕೆ ಹೋಗಿ ನೋಡಿ. ತರಕಾರಿ ಹೆಚ್ಚುವವರು, ಗ್ರೈಂಡರ್ ನೋಡುವವರು, ಪಾತ್ರೆ ತೊಳೆಯುವವರು ಹೆಂಗಸರು. ಈ ನಾಲ್ಕರಲ್ಲಿ ಅವರಿಗೆ ನಾವು ಎಷ್ಟು ಕೊಟ್ಟಿದ್ದೇವೆ? ನಮ್ಮ ಮಟ್ಟಿಗೆ ಹೇಳುವುದಾದರೆ, ಬಹಳ ವರ್ಷ ಒಂದನ್ನೂ ಕೊಟ್ಟಿರಲಿಲ್ಲ.

ನಮ್ಮ ತಪ್ಪು

ವಿಶಾಖಪಟ್ಟಣದ ಹೋಟೆಲಿನಲ್ಲಿ ಒಬ್ಬ ಹೆಂಗಸು 2003ರಿಂದ 11 ವರ್ಷ ದುಡಿದಳು. ಸೇರಿದ್ದು ತರಕಾರಿ ಹೆಚ್ಚಲು. ಭಟ್ಟರು ಊರಿಗೆ ಹೋದಾಗಲೆಲ್ಲ ಸಾಂಬಾರು, ಚಟ್ನಿ ಅವಳೇ ಮಾಡುತ್ತಿದ್ದಳು. ಗಿರಾಕಿಗಳಿಗೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. 2014ರಲ್ಲಿ ಭಟ್ಟರು ಕೆಲಸ ಬಿಟ್ಟರು. ನಾವು ಊರಿಗೆ ಫೋನು ಮಾಡಿ ಅವಳ ಮೂರು ಪಾಲು ಸಂಬಳಕ್ಕೆ ಇನ್ನೊಬ್ಬರನ್ನು ಕರೆಸಿದೆವು. ಅವಳು ಬಂದು, "ಬಾಬುಗಾರೂ, ಈ ಪನಿ ನಾಕು ವಚ್ಚು ಕದಾ" ಎಂದಳು. ಈ ಕೆಲಸ ನನಗೆ ಬರುತ್ತದಲ್ಲವೇ ಎಂದು ಕೇಳಿದಳು, ಅಷ್ಟೇ. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ತಿಂಗಳು ಬಿಟ್ಟು ಹೋದಳು.

ಹೋಗುವಾಗ ಲೆಕ್ಕ ಮಾಡಲು ಕೂತಾಗ ಇನ್ನೊಂದು ವಿಷಯ ಗೊತ್ತಾಯಿತು. 11 ವರ್ಷ ಅವಳ ಸಂಬಳವನ್ನು ಪ್ರತಿ ತಿಂಗಳು ಗಲ್ಲಾದಿಂದ ಎಣಿಸಿಕೊಂಡು ಹೋದದ್ದು ಅವಳ ಗಂಡ. ಅಡ್ವಾನ್ಸ್ ಕೂಡ ಅವನೇ ತೆಗೆದಿದ್ದ. ಕೊಟ್ಟವರು ನಾವೇ. ಅವಳ ಹೆಸರಿನಲ್ಲಿ ಒಂದು ರೂಪಾಯಿ ಇರಲಿಲ್ಲ. ಊರಿಗೆ ತಿಂಗಳಿಗೊಮ್ಮೆ ಮನಿಯಾರ್ಡರ್ ಮಾಡಿಯೂ ಪಿಗ್ಮಿ ಕಟ್ಟುತ್ತಿದ್ದ ನಮಗೆ ಆ ದಿನ ನಾಚಿಕೆಯಾಯಿತು. ಅಂದಿನಿಂದ ಎರಡೂ ಹೋಟೆಲುಗಳಲ್ಲಿ ಮಾಡಿಕೊಂಡ ಬದಲಾವಣೆಗಳನ್ನು ಕೆಳಗೆ ಬರೆದಿದ್ದೇವೆ.

1. ಸಂಬಳ ಅವಳ ಖಾತೆಗೆ, ಅವಳ ಫೋನಿಗೆ

ಖಾತೆ ತೆರೆದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. 2014ರ ಆಗಸ್ಟಿನಲ್ಲಿ ಜನಧನ ಯೋಜನೆ ಬಂದ ಮೇಲೆ ಖಾತೆಗಳು ಎಲ್ಲರ ಬಳಿಯೂ ಇವೆ. ಆದರೆ ಖಾತೆಗೆ ಕೊಟ್ಟ ಮೊಬೈಲ್ ನಂಬರು ಯಾರದು ಎಂದು ಕೇಳಿ ನೋಡಿ. ಹೆಚ್ಚಾಗಿ ಗಂಡನದೋ ಮಗನದೋ ಇರುತ್ತದೆ. ಓಟಿಪಿ ಅವರಿಗೆ ಹೋದರೆ ದುಡ್ಡೂ ಅವರದೇ. ಅರ್ಧ ದಿನ ರಜೆ ಕೊಟ್ಟು, ಗುಮಾಸ್ತರನ್ನು ಜೊತೆಗೆ ಕಳಿಸಿ, ನಂಬರು ಬದಲಿಸಿ. ಅಡ್ವಾನ್ಸ್ ಬೇಕಾದರೆ ಅವಳೇ ಬಂದು ಕೇಳಬೇಕು, ಅವಳೇ ಸಹಿ ಹಾಕಬೇಕು. ಗಂಡ ಬಂದರೆ ಚಹಾ ಕೊಟ್ಟು ಕಳಿಸಿ.

ಮನೆಯಲ್ಲಿ 10 ವರ್ಷದ ಒಳಗಿನ ಹೆಣ್ಣುಮಗು ಇದ್ದರೆ ಸುಕನ್ಯಾ ಸಮೃದ್ಧಿ ಖಾತೆ ಮಾಡಿಸಿ. ಅಂಚೆ ಕಚೇರಿಯಲ್ಲಿ ಆಗುತ್ತದೆ. ವರ್ಷಕ್ಕೆ ಕನಿಷ್ಠ 250 ರೂ. ಕಟ್ಟಿದರೆ ಸಾಕು.

2. ಇಎಸ್‌ಐ, ಪಿಎಫ್

10 ಮತ್ತು ಹೆಚ್ಚು ಜನ ಇದ್ದಲ್ಲಿ ಇಎಸ್‌ಐ, 20 ಮತ್ತು ಹೆಚ್ಚು ಜನ ಇದ್ದಲ್ಲಿ ಪಿಎಫ್ ಅನ್ವಯಿಸುತ್ತದೆ. ನಮ್ಮಲ್ಲಿ ಹಲವರು ಸಪ್ಲೈಯರು, ಅಡುಗೆಯವರ ಹೆಸರು ಸೇರಿಸಿ ಹೆಂಗಸರನ್ನು ದಿನಗೂಲಿ ಎಂದು ಹೊರಗೆ ಬಿಡುತ್ತೇವೆ. ಅದು ತಪ್ಪು.

ಲೆಕ್ಕ ನೋಡಿ. ಸಂಬಳ 14,000 ರೂ. ಇದ್ದರೆ ಇಎಸ್‌ಐಗೆ ನಮ್ಮ ಪಾಲು ಶೇ. 3.25ರಂತೆ 455 ರೂ., ಅವಳ ಪಾಲು ಶೇ. 0.75ರಂತೆ 105 ರೂ. ಇಷ್ಟಕ್ಕೆ ಅವಳಿಗೂ ಅವಳನ್ನು ನಂಬಿದವರಿಗೂ ಔಷಧೋಪಚಾರ ಸಿಗುತ್ತದೆ. "ಹೆಂಗಸರನ್ನು ಇಟ್ಟರೆ ಬಾಣಂತನದ ಖರ್ಚು ನಮ್ಮ ತಲೆಗೆ" ಎಂದು ಹೆದರುವವರು ಇದನ್ನು ತಿಳಿಯಬೇಕು: ಇಎಸ್‌ಐ ವಂತಿಗೆ ಸರಿಯಾಗಿ ಕಟ್ಟಿದ್ದರೆ ಮೊದಲ ಎರಡು ಹೆರಿಗೆಗೆ 26 ವಾರಗಳ ಸಂಬಳವನ್ನು ಇಎಸ್‌ಐ ಕಾರ್ಪೊರೇಷನ್ ಕೊಡುತ್ತದೆ, ಮಾಲಕರಲ್ಲ.

ಪಿಎಫ್‌ನಲ್ಲಿ ಒಂದು ತೊಡಕು ಇದೆ. ತೆಲುಗರಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಮದುವೆಯಾದ ಮೇಲೆ ಹೆಣ್ಣಿಗೆ ಅದು ಬದಲಾಗುತ್ತದೆ. ಆಧಾರಿನಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು ಇದ್ದರೆ ಮುಂದೆ ಹಣ ತೆಗೆಯುವಾಗ ಅಲೆದಾಟ. ಸೇರಿಸುವಾಗಲೇ ಎರಡನ್ನೂ ಸರಿಮಾಡಿಸಿ.

3. ಮುಂದಿನ ಕೆಲಸ ಕಲಿಸಿ, ಸಂಬಳ ಬರೆದು ಹಾಕಿ

ಒಂದೇ ಕೆಲಸಕ್ಕೆ ಗಂಡಿಗೊಂದು ಹೆಣ್ಣಿಗೊಂದು ಸಂಬಳ ಕೊಡಬಾರದು ಎಂದು 1976ರಿಂದಲೇ ಕಾನೂನು ಇದೆ. ಆದರೆ ಹೆಂಗಸರಿಗೆ ಮೇಲಿನ ಕೆಲಸವನ್ನೇ ಕೊಡದಿದ್ದರೆ ಆ ಕಾನೂನಿನಿಂದ ಪ್ರಯೋಜನವೇನು? ನಾವು ವಿಜಯವಾಡದ ಅಡುಗೆಮನೆಯಲ್ಲಿ ಒಂದು ಬೋರ್ಡು ಹಾಕಿದ್ದೇವೆ: ಪಾತ್ರೆ, ತರಕಾರಿ, ಹಿಟ್ಟು, ಚಟ್ನಿ-ಸಾಂಬಾರು, ದೋಸೆ ಕಲ್ಲು, ಸ್ಟೋರು, ಗಲ್ಲಾ. ಪ್ರತಿಯೊಂದರ ಎದುರು ಸಂಬಳ. 6 ತಿಂಗಳಿಗೊಮ್ಮೆ, ಮಧ್ಯಾಹ್ನ 3ರಿಂದ 4ರ ಬಿಡುವಿನಲ್ಲಿ ಮುಂದಿನ ಕೆಲಸ ಕಲಿಸುತ್ತೇವೆ.

ಭಟ್ಟರು ಮೊದಲು ಒಪ್ಪಲಿಲ್ಲ. "ಹಂಡೆ ಎತ್ತಲು ಅವರಿಂದ ಆಗುತ್ತದೆಯೇ?" ಎಂದರು. ಆ ಮಾತು ಸರಿಯೇ. ಆದ್ದರಿಂದ ಚಕ್ರದ ಗಾಡಿ ಮಾಡಿಸಿದೆವು, ದೊಡ್ಡ ಒಂದು ಹಂಡೆಯ ಬದಲು ಸಣ್ಣ ಎರಡು ಇಟ್ಟೆವು. ಈಗ ಆ ಗಾಡಿಯನ್ನು ಎಲ್ಲರಿಗಿಂತ ಹೆಚ್ಚು ಬಳಸುವವರು ಭಟ್ಟರೇ. ಅವರ ಸೊಂಟನೋವಿಗೂ ಅನುಕೂಲವಾಯಿತು.

4. ಹೊತ್ತು, ಬಸ್ಸು, ಬಾಗಿಲಿನ ಚಿಲಕ

ಬೆಳಿಗ್ಗೆ 5ಕ್ಕೆ ಬಾ ಎಂದರೆ ಮಕ್ಕಳಿರುವವಳಿಗೆ ಆಗದು. ಹಿಟ್ಟು ರುಬ್ಬುವುದು, ಪುಡಿ ಮಾಡುವುದು, ಸ್ಟೋರಿನ ಲೆಕ್ಕ ಇವನ್ನು 9ರಿಂದ 5ಕ್ಕೆ ಇಡಬಹುದು. ಆಂಧ್ರದಲ್ಲಿ 2025ರ ಆಗಸ್ಟ್ 15ರಿಂದ ಸ್ತ್ರೀಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಆರ್‌ಟಿಸಿಯ ಪಲ್ಲೆವೆಲುಗು, ಸಿಟಿ ಬಸ್ಸು, ಎಕ್ಸ್‌ಪ್ರೆಸ್ಸುಗಳಲ್ಲಿ ಟಿಕೆಟ್ಟಿಲ್ಲ. ಅನಕಾಪಲ್ಲಿ, ಭೀಮಿಲಿ ಕಡೆಯಿಂದಲೂ ಈಗ ಕೆಲಸಕ್ಕೆ ಬರಬಹುದು. ಕೊನೆಯ ಬಸ್ಸಿನ ಹೊತ್ತು ನೋಡಿ ಡ್ಯೂಟಿ ಬಿಡಬೇಕು. ರಾತ್ರಿ ಡ್ಯೂಟಿಗೆ ಅವಳ ಒಪ್ಪಿಗೆ ಬೇಕು, ಮನೆ ಮುಟ್ಟಿಸುವ ವ್ಯವಸ್ಥೆ ಬೇಕು.

ಬಟ್ಟೆ ಬದಲಿಸಲು ಒಳಗಿನಿಂದ ಚಿಲಕ ಇರುವ ಕೋಣೆ, ಬೇರೆ ಶೌಚಾಲಯ ಕೊಡಿ. 10 ಮತ್ತು ಹೆಚ್ಚು ಜನ ಕೆಲಸಕ್ಕಿದ್ದರೆ 2013ರ ಕಾನೂನಿನಂತೆ ಲೈಂಗಿಕ ಕಿರುಕುಳದ ದೂರು ಕೇಳುವ ಸಮಿತಿ ಇರಲೇಬೇಕು. ಅದಕ್ಕೆ ಮಹಿಳೆಯೇ ಅಧ್ಯಕ್ಷೆ, ಹೊರಗಿನ ಒಬ್ಬ ಸದಸ್ಯರೂ ಬೇಕು. ಇಲ್ಲದಿದ್ದರೆ 50,000 ರೂ. ವರೆಗೆ ದಂಡ ಇದೆ. ದಂಡಕ್ಕಿಂತ ದೊಡ್ಡ ವಿಷಯ ಎಂದರೆ, ಹೆದರಿಕೊಂಡು ಕೆಲಸ ಮಾಡುವವಳು ಯಾವ ಕೆಲಸವನ್ನೂ ಕಲಿಯಲಾರಳು.

5. ಹೊರಗಿನ ಹೆಂಗಸರಿಂದ ಖರೀದಿ

ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ 1992ರಲ್ಲಿ ಹೆಂಗಸರು ಸಾರಾಯಿಯ ವಿರುದ್ಧ ಎದ್ದು ನಿಂತದ್ದು ಆಂಧ್ರದಲ್ಲಿರುವ ನಮಗೆಲ್ಲ ಗೊತ್ತು. ಆಮೇಲೆ ಅದೇ ಜಿಲ್ಲೆಯಲ್ಲಿ ಪೊದುಪು ಲಕ್ಷ್ಮಿ ಎಂದು ದಿನಕ್ಕೆ 1 ರೂಪಾಯಿ ಉಳಿಸಲು ಶುರು ಮಾಡಿದರು. ನಮ್ಮ ಪಿಗ್ಮಿಗೂ ಅದಕ್ಕೂ ಏನು ವ್ಯತ್ಯಾಸ? ಇಂದು ಬೀದಿ ಬೀದಿಗೆ ಡ್ವಾಕ್ರಾ ಗುಂಪುಗಳಿವೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಕಂದಿಪುಡಿ ಮಾಡುತ್ತಾರೆ. ಬೊಂಬಾಯಿಯಲ್ಲಿ 1959ರಲ್ಲಿ ಏಳು ಜನ ಹೆಂಗಸರು 80 ರೂ. ಸಾಲ ತಂದು ಶುರು ಮಾಡಿದ ಹಪ್ಪಳವೇ ಲಿಜ್ಜತ್ ಆಗಿ ಬೆಳೆದದ್ದು.

ಅವರಿಂದ ಕೊಳ್ಳುವಾಗ ಮೂರು ನಿಯಮ ಇಟ್ಟುಕೊಳ್ಳಿ. ಮೊದಲು ನಮ್ಮ ಸ್ಯಾಂಪಲ್ ಕೊಟ್ಟು ಅಳತೆ, ಉಪ್ಪು-ಖಾರ ಗೊತ್ತು ಮಾಡಿ. 3 ತಿಂಗಳಿಗೆ ರೇಟು ಬರೆದುಕೊಡಿ. ಬಿಲ್ಲನ್ನು 7 ದಿನದಲ್ಲಿ ಚುಕ್ತಾ ಮಾಡಿ. ದೊಡ್ಡ ಮಂಡಿಯವನು ಎರಡು ತಿಂಗಳು ಕಾಯುತ್ತಾನೆ. ಹತ್ತು ಹೆಂಗಸರ ಗುಂಪು ಕಾದರೆ ಮುಳುಗುತ್ತದೆ. ಗುಂಪಿಗೆ ಫುಡ್ ಸೇಫ್ಟಿ ರಿಜಿಸ್ಟ್ರೇಷನ್ ಇಲ್ಲದಿದ್ದರೆ ನಮ್ಮ ಗುಮಾಸ್ತರ ಕೈಯಿಂದಲೇ ಅರ್ಜಿ ಹಾಕಿಸಿ.

6. ಬಿಟ್ಟು ಹೋಗುವವಳಿಗೂ ಕೈ ಕೊಡಿ

"ಕಲಿಸಿದರೆ ಬಿಟ್ಟು ಹೋಗುತ್ತಾರೆ" ಎಂದು ನಮ್ಮವರು ಹೇಳುತ್ತಾರೆ. ಹೌದು, ಹೋಗುತ್ತಾರೆ. ವಿಜಯವಾಡದಲ್ಲಿ ದೋಸೆ ಕಲ್ಲಿನಲ್ಲಿ ತಯಾರಾದ ಒಬ್ಬಳು 2,000 ರೂ. ಹೆಚ್ಚು ಸಿಗುತ್ತದೆಂದು ಬೇರೆ ಹೋಟೆಲಿಗೆ ಹೋದಳು. ತಮ್ಮ ಸಿಟ್ಟಾದ. ಆದರೆ ನಾವೂ ನಮ್ಮ ಮಾಲಕರನ್ನು ಬಿಟ್ಟೇ ಬಂದವರಲ್ಲವೇ? ಅವರು ಪಾತ್ರೆ ಕೊಟ್ಟು ಕಳಿಸಿದರು, ಶಾಪ ಹಾಕಲಿಲ್ಲ. ಉಳಿದ ಹೆಂಗಸರು ಬೋರ್ಡು ನೋಡಿಯೇ ನಿಂತಿದ್ದಾರೆ. ಪಾತ್ರೆ ತೊಳೆಯಲು ಸೇರಿದವಳು ಈಗ ಸ್ಟೋರಿನ ಬೀಗದ ಕೈ ಇಟ್ಟುಕೊಂಡಿದ್ದಾಳೆ.

ಸ್ವಂತ ಅಂಗಡಿ ಇಡುತ್ತೇನೆ ಎನ್ನುವವಳಿಗೆ ಮುದ್ರಾ ಸಾಲದ ಬಗ್ಗೆ ಹೇಳಿ. 2015ರಲ್ಲಿ ಬಂದದ್ದು, ಶಿಶು ವಿಭಾಗದಲ್ಲಿ 50,000 ರೂ. ವರೆಗೆ ಅಡಮಾನ ಇಲ್ಲದೆ ಸಿಗುತ್ತದೆ. ಬ್ಯಾಂಕು ವ್ಯವಹಾರದ ಗುರುತು ಕೇಳುತ್ತದೆ. ಖಾತೆಗೆ ತಿಂಗಳು ತಿಂಗಳು ಬಂದ ಸಂಬಳ ಮತ್ತು ನಮ್ಮ ಲೆಟರ್‌ಹೆಡ್ಡಿನಲ್ಲಿ "ಇವರು ಇಷ್ಟು ವರ್ಷ ಇಂಥ ಕೆಲಸ ಮಾಡಿದ್ದಾರೆ" ಎಂಬ ಒಂದು ಕಾಗದ, ಇವೆರಡೂ ಅಲ್ಲಿ ಉಪಯೋಗಕ್ಕೆ ಬರುತ್ತವೆ.

ಕೊನೆಗೆ ಒಂದು ಮಾತು. 2014ರಲ್ಲಿ ನಮ್ಮನ್ನು ಬಿಟ್ಟು ಹೋದವಳು ಈಗ ವಿಶಾಖಪಟ್ಟಣದಲ್ಲೇ ಸಣ್ಣ ಮೆಸ್ ನಡೆಸುತ್ತಾಳೆ. ಅದಕ್ಕೆ ನಮ್ಮಿಂದ ಒಂದು ಸೌಟೂ ಹೋಗಿಲ್ಲ. ಒಮ್ಮೆ ಹೋಗಿ ಊಟ ಮಾಡಿದೆವು. ಸಾಂಬಾರು ನಮ್ಮ ಹೋಟೆಲಿನದೇ ರುಚಿ, ಅಥವಾ ನಮ್ಮ ಹೋಟೆಲಿನದೇ ಅವಳ ರುಚಿಯಾಗಿತ್ತೋ ಏನೋ. ದುಡ್ಡು ಕೊಡಲು ಹೋದಾಗ ಬೇಡ ಎನ್ನಲಿಲ್ಲ, ಎಣಿಸಿ ತೆಗೆದುಕೊಂಡು ಡ್ರಾಯರಿಗೆ ಹಾಕಿದಳು. ನಮಗೆ ಸಂತೋಷವೇ ಆಯಿತು.

ಈ ತಿಂಗಳ ಸಂಬಳ ಬಟವಾಡೆ ಮಾಡುವ ದಿನ ತಾವೆಲ್ಲರೂ ಹೆಂಗಸರ ಪಟ್ಟಿಯನ್ನು ಒಮ್ಮೆ ಬೇರೆಯಾಗಿ ತೆಗೆದು ನೋಡಬೇಕು ಎಂದು ನಮ್ಮ ವಿನಂತಿ. ಯಾರು ಎಷ್ಟು ವರ್ಷದಿಂದ ಒಂದೇ ಜಾಗದಲ್ಲಿ ನಿಂತಿದ್ದಾರೆ, ಹಣ ಯಾರ ಕೈಗೆ ಹೋಗುತ್ತಿದೆ, ಈ ಎರಡನ್ನು ನೋಡಿದರೆ ಸಾಕು. ಮಾಡಬೇಕಾದ ಕೆಲಸ ತಾನಾಗಿ ಕಾಣುತ್ತದೆ.