ಪೂಲ್ ಆಟದಲ್ಲಿ ‘ಸೇಫ್ಟಿ’: ಚೆಂಡು ಹಾಕುವುದೊಂದೇ ಆಟವಲ್ಲ

ಮಂಗಳೂರು ಕಡೆಯಿಂದ ಬಂಡೀಪುರ, ಮಸಿನಗುಡಿ ದಾರಿಯಾಗಿ ಊಟಿಗೆ ಟೂರ್ ಹೋಗುವ ಯುವಕರು ದೊಡ್ಡಬೆಟ್ಟ, ಬೋಟ್‌ಹೌಸ್ ನೋಡಿ ವಾಪಸ್ ಬರುತ್ತಾರೆ. ಊರಲ್ಲಿ ಸಂಜೆ ಆಡುವ ಪೂಲ್‌ಗೆ ಹತ್ತಿರದ ಸಂಬಂಧಿಯಾದ ಸ್ನೂಕರ್‌ನ ನಿಯಮಗಳು ಇದೇ ಊಟಿಯಲ್ಲಿ ರೂಪುಗೊಂಡವು ಅಂತ ಹೆಚ್ಚಿನವರಿಗೆ ಗೊತ್ತಿಲ್ಲ. 1875ರಲ್ಲಿ ಜಬಲ್ಪುರದಲ್ಲಿ ಬ್ರಿಟಿಷ್ ಸೇನಾಧಿಕಾರಿ ನೆವಿಲ್ ಚೇಂಬರ್ಲಿನ್ ಈ ಆಟ ಶುರು ಮಾಡಿದರು. 1882ರಲ್ಲಿ ಊಟಿ ಕ್ಲಬ್‌ನ ಬಿಲಿಯರ್ಡ್ಸ್ ಕೋಣೆಯಲ್ಲಿ ಅದರ ನಿಯಮಗಳನ್ನು ಬರೆದು ಹಾಕಲಾಯಿತು.

ಎದುರಾಳಿ ಹೊಡೆಯಬೇಕಾದ ಚೆಂಡು ನೇರವಾಗಿ ಸಿಗದಂತೆ ಬಿಳಿ ಚೆಂಡನ್ನು ಬೇರೊಂದರ ಹಿಂದೆ ಅಡಗಿಸುವುದಕ್ಕೆ ಇವತ್ತು ‘ಸ್ನೂಕರ್ ಮಾಡುವುದು’ ಅಂತಲೇ ಹೇಳುತ್ತಾರೆ. ಪೂಲ್‌ನಲ್ಲೂ ಇದೇ ಸೇಫ್ಟಿಯ ಜೀವಾಳ. ಆದರೆ ಇದನ್ನು ಪ್ರಾಕ್ಟೀಸ್ ಮಾಡುವವರು ಕಡಿಮೆ. ಆರು ಚೆಂಡು ಚಕಚಕ ಹಾಕಿದ ಹುಡುಗ ಏಳನೆಯದು ಕಷ್ಟ ಅಂತ ಗೊತ್ತಿದ್ದೂ ಜೋರಾಗಿ ಹೊಡೆಯುತ್ತಾನೆ. ಅದು ತಪ್ಪುತ್ತದೆ. ಅವನದೇ ಚೆಂಡುಗಳು ಹೋಗಿ ಮೇಜು ಖಾಲಿಯಾಗಿರುವುದರಿಂದ ಎದುರಾಳಿಗೆ ದಾರಿ ಸಲೀಸು. ಗೆಲ್ಲುವ ಆಟ ಕೈತಪ್ಪುವುದು ಹೀಗೆ.

ಮೊದಲು ನಿಯಮ ತಿಳಿದಿರಲಿ. ಎಯ್ಟ್ ಬಾಲ್‌ನ ಅಂತಾರಾಷ್ಟ್ರೀಯ ನಿಯಮದಂತೆ ಬಿಳಿ ಚೆಂಡು ಮೊದಲು ತನ್ನ ಗುಂಪಿನ ಚೆಂಡಿಗೆ ತಾಗಬೇಕು. ಆಮೇಲೆ ಒಂದು ಚೆಂಡು ಪಾಕೆಟ್‌ಗೆ ಬೀಳಬೇಕು, ಇಲ್ಲವೇ ಯಾವುದಾದರೂ ಚೆಂಡು ಕುಶನ್ ಮುಟ್ಟಬೇಕು. ಎರಡೂ ಆಗದಿದ್ದರೆ ಫೌಲ್. ಆಗ ಎದುರಾಳಿ ಬಿಳಿ ಚೆಂಡನ್ನು ಬೇಕಾದಲ್ಲಿ ಇಟ್ಟು ಆಡಬಹುದು. ಸುಮ್ಮನೆ ಮೆಲ್ಲಗೆ ತಾಗಿಸಿ ಬಿಟ್ಟರೆ ಸೇಫ್ಟಿ ಆಗುವುದಿಲ್ಲ ಎಂಬುದು ಇದಕ್ಕೇ. ಪಾರ್ಲರ್‌ಗಳಲ್ಲಿ ನಿಯಮ ಬೇರೆ ಇರಬಹುದು, ಆಟಕ್ಕೆ ಮುಂಚೆ ಕೇಳಿಕೊಳ್ಳುವುದು ಒಳ್ಳೆಯದು.

ಪ್ರಾಕ್ಟೀಸ್‌ಗೆ ಮೂರು ಹಂತ ಸಾಕು.

ಒಂದು, ವೇಗ. ಬಿಳಿ ಚೆಂಡನ್ನು ಮೇಜಿನ ಈ ತುದಿಯಿಂದ ಹೊಡೆದು, ಆ ತುದಿಯ ಕುಶನ್‌ಗೆ ತಾಗಿ ವಾಪಸ್ ಬಂದು ಈ ಬದಿಯ ಕುಶನ್‌ನಿಂದ ಒಂದು ಗೇಣಿನೊಳಗೆ ನಿಲ್ಲುವಂತೆ ಮಾಡಬೇಕು. ಹತ್ತರಲ್ಲಿ ಎಷ್ಟು ಸಲ ನಿಂತಿತು ಅಂತ ಬರೆದಿಡಿ.

ಎರಡು, ತಾಗುವ ರೀತಿ. ಚೆಂಡಿನ ಅಂಚಿಗೆ ತೆಳ್ಳಗೆ ತಾಗಿದರೆ ಅದು ಸ್ವಲ್ಪವೇ ಸರಿಯುತ್ತದೆ, ಬಿಳಿ ಚೆಂಡು ದೂರ ಓಡುತ್ತದೆ. ಉರುಳದೆ ಜಾರುತ್ತಾ ಹೋದ ಬಿಳಿ ಚೆಂಡು ನಡುಮಧ್ಯಕ್ಕೆ ತಾಗಿದರೆ ಅಲ್ಲೇ ನಿಲ್ಲುತ್ತದೆ, ಆ ಚೆಂಡು ಓಡುತ್ತದೆ. ಎರಡರಲ್ಲಿ ಯಾವುದನ್ನು ಎಲ್ಲಿ ನಿಲ್ಲಿಸಬೇಕು ಅಂತ ಮೊದಲೇ ತೀರ್ಮಾನಿಸಿ ಹೊಡೆಯಬೇಕು.

ಮೂರು, ಗೆಳೆಯನ ಜೊತೆ ಸೇಫ್ಟಿಯದೇ ಆಟ. ಮೇಜಿನ ಮೇಲೆ ನಾಲ್ಕೈದು ಚೆಂಡು ಹರಡಿ, ಪಾಕೆಟ್‌ಗೆ ಹಾಕುವಂತಿಲ್ಲ ಎಂಬ ಷರತ್ತು. ಗುರಿಯ ಚೆಂಡು ಒಂದೇ. ಅದಕ್ಕೆ ಸರಿಯಾಗಿ ತಾಗಿಸಲಾಗದವನು ಒಂದು ಪಾಯಿಂಟ್ ಕಳೆದುಕೊಳ್ಳುತ್ತಾನೆ. ಅರ್ಧ ಗಂಟೆ ಆಡಿದರೆ ಅಡಗಿಸುವುದೂ ಬರುತ್ತದೆ, ಅಡಗಿದ ಚೆಂಡನ್ನು ಕುಶನ್ ಮೂಲಕ ಮುಟ್ಟುವುದೂ ಬರುತ್ತದೆ.

ಸೇಫ್ಟಿ ಆಡಿದರೆ ‘ಹೆದರಿಬಿಟ್ಟ’ ಅಂತ ಗೆಳೆಯರು ತಮಾಷೆ ಮಾಡುವುದುಂಟು. ಅಂಗಡಿಯವನು ಎಲ್ಲರಿಗೂ ಉದ್ರಿ ಕೊಡುವುದಿಲ್ಲ, ಅದು ಹೆದರಿಕೆಯಲ್ಲ, ಲೆಕ್ಕ. ಪೂಲ್‌ನಲ್ಲೂ ಅಷ್ಟೇ. ಹೊಡೆಯುವ ಮೊದಲು ‘ತಪ್ಪಿದರೆ ಎದುರಿನವನಿಗೆ ಏನು ಸಿಗುತ್ತದೆ?’ ಅಂತ ಒಮ್ಮೆ ಕೇಳಿಕೊಂಡವನು ಅರ್ಧ ಆಟ ಕಲಿತ ಹಾಗೆ.