ಬೀಸುಕಲ್ಲಿನ ಪದ ಕೇಳಿದ ಸೀಮೆ

ಹೊಸಪೇಟೆ ಕಡೆಯಿಂದ ವಿಜಯಪುರಕ್ಕೆ ಹೊರಟವರಿಗೆ ನಗರ ಇನ್ನೂ ಸುಮಾರು 20 ಕಿ.ಮೀ. ಇರುವಾಗಲೇ ಮನಗೂಳಿ ಸಿಗುತ್ತದೆ. ಕಳಚೂರಿ ಬಿಜ್ಜಳನ ಕಾಲದ, 1161ರ ಶಾಸನವಿರುವ ಹಳೆಯ ಊರು. ಸುತ್ತ ಬಿಳಿಜೋಳದ ಎರೆಹೊಲ. ಈ ಸೀಮೆಯ ಸೂಫಿಗಳನ್ನು ಅರಿಯಲು ಗುಮ್ಮಟಗಳಿಗಿಂತ ಮೊದಲು ಈ ಜೋಳವನ್ನು ನೋಡಬೇಕು.

ವಿಜಯಪುರದ ಶಹಾಪುರ ದಿಬ್ಬದಲ್ಲಿ 1675ರಲ್ಲಿ ತೀರಿಕೊಂಡ ಅಮೀನುದ್ದೀನ್ ಆಲಾ ಅವರ ದರ್ಗಾ ಇದೆ. ಮೀರಾಂಜಿ, ಬುರ್ಹಾನುದ್ದೀನ್ ಜಾನಂ, ಅಮೀನುದ್ದೀನ್ ಎಂದು ಸಾಗಿದ ಈ ಚಿಸ್ತಿ ಮನೆತನ ತತ್ತ್ವವನ್ನು ಫಾರಸಿಯಲ್ಲಿ ಕಟ್ಟಿಡದೆ ಮನೆಮಾತಾದ ದಖನಿಗೆ ತಂದಿತು. ಈ ಪರಂಪರೆಯಲ್ಲೇ 'ಚಕ್ಕಿನಾಮಾ' ಹುಟ್ಟಿತು. ನಸುಕಿನಲ್ಲಿ ಜೋಳ ಬೀಸುವ ಹೆಂಗಸರಿಗೆಂದೇ ಕಟ್ಟಿದ ಹಾಡುಗಳವು. ಬೀಸುಕಲ್ಲಿನ ನೆಟ್ಟನೆಯ ಹಿಡಿಗೂಟ ಅವುಗಳಲ್ಲಿ ದೇವರ ಹೆಸರಿನ ಮೊದಲಕ್ಷರ ಅಲಿಫ್ ಆಗುತ್ತದೆ. ನೂಲುವವರಿಗೆ 'ಚರ್ಖಾನಾಮಾ' ಇತ್ತು. ಕನ್ನಡದ ಬೀಸುವ ಪದಗಳು ಕೇಳುತ್ತಿದ್ದ ಓಣಿಗಳಲ್ಲೇ ಇವೂ ಕೇಳಿದವು. ವಿಜಯಪುರದ ಸೂಫಿಗಳ ಬಗ್ಗೆ 1978ರಲ್ಲಿ ಪುಸ್ತಕ ಬರೆದ ಇತಿಹಾಸಕಾರ ರಿಚರ್ಡ್ ಈಟನ್, ಸೂಫಿ ಭಕ್ತಿ ಜನಸಾಮಾನ್ಯರಿಗೆ ಮುಟ್ಟಿದ್ದು ಇಂಥ ಹಾಡುಗಳಿಂದ, ಹೆಂಗಸರ ಮೂಲಕ ಎಂದು ತೋರಿಸಿದರು. ಅಡುಗೆಮನೆಯ ಈ ಪಾಲನ್ನು ನಮ್ಮ ಪಠ್ಯಗಳು ಇನ್ನೂ ಸರಿಯಾಗಿ ಹೇಳಿಲ್ಲ.

ಹಿಟ್ಟಿನ ಗಿರಣಿ ಬಂತು, ಬೀಸುಕಲ್ಲು ಮೂಲೆಗೆ ಸರಿಯಿತು. ಕೆಲಸ ಹೋದ ಮೇಲೆ ಹಾಡಿಗೆ ನೆಲೆಯಿಲ್ಲ. ಮೊಹರಂ ಮಾತ್ರ ಗಟ್ಟಿಯಾಗಿ ಉಳಿಯಿತು, ಏಕೆಂದರೆ ಅದು ಇಡೀ ಊರಿನದು. ಮುಸ್ಲಿಮರ ಮನೆ ಒಂದೂ ಇಲ್ಲದ ಹಳ್ಳಿಗಳಲ್ಲೂ ಅಲಾಯಿ ದೇವರು ಕೂಡುತ್ತವೆ. ಹರಕೆ ಹೊತ್ತವರು ಕೊರಳಿಗೆ ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ, ಚೊಂಗೆ ಮಾಡಿ ಎಡೆ ಹಿಡಿಯುತ್ತಾರೆ. ಕರ್ಬಲಾದ ಕಥೆಯನ್ನು ಕನ್ನಡದಲ್ಲೇ ಹೇಳುವ ರಿವಾಯತ್ ಪದಗಳು ಈಗ ಮೊಬೈಲ್‌ಗಳಲ್ಲಿ ಊರೂರು ದಾಟುತ್ತವೆ.

ದರ್ಗಾಗಳು ಬದಲಾದ ಬಗೆಗೆ ಕಲಬುರಗಿ ದೊಡ್ಡ ಉದಾಹರಣೆ. 1422ರಲ್ಲಿ ತೀರಿಕೊಂಡ, ಇದೇ ಚಿಸ್ತಿ ಪಂಥದ ಖಾಜಾ ಬಂದೇನವಾಜರ ದರ್ಗಾವನ್ನು ನಡೆಸುವ ಸಜ್ಜಾದೆ ಮನೆತನ 1958ರಲ್ಲಿ ಶಿಕ್ಷಣ ಸಂಸ್ಥೆ ಕಟ್ಟಿತು. ಹೆಣ್ಣುಮಕ್ಕಳಿಗೆ ಬೀಬಿ ರಜಾ ಕಾಲೇಜು, ಆಮೇಲೆ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜು, ಕೊನೆಗೆ ವಿಶ್ವವಿದ್ಯಾಲಯವೂ ಆಯಿತು. ಬೀಸುಕಲ್ಲಿನ ಮುಂದೆ ಕೂತವಳನ್ನು ಹುಡುಕಿಕೊಂಡು ಹೋದ ಪರಂಪರೆ ಅವಳ ಮೊಮ್ಮಗಳಿಗೆ ಕಾಲೇಜು ತೆರೆದದ್ದನ್ನು ನಾನು ಅದೇ ಕೆಲಸದ ಮುಂದುವರಿಕೆ ಎಂದೇ ಎಣಿಸುತ್ತೇನೆ.

ವಿಜಯಪುರದಲ್ಲೇ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಅಲ್ಲಿ ಓದುವ ಹುಡುಗಿಯರು ಮನಗೂಳಿ, ಬಾಗೇವಾಡಿ, ಇಂಡಿ, ಸಿಂದಗಿಯ ಓಣಿಗಳಿಗೆ ಹೋಗಿ, ಅಜ್ಜಿಯರ ನೆನಪಿನಲ್ಲಿ ಉಳಿದಿರುವ ದಖನಿ ಮತ್ತು ಕನ್ನಡದ ಬೀಸುವ ಹಾಡುಗಳನ್ನು ಧ್ವನಿಮುದ್ರಿಸಿಕೊಳ್ಳಬೇಕು. ಈ ಕೆಲಸ ಈ ವರ್ಷವೇ ಶುರುವಾಗಲಿ.